ಹನ್ನೊಂದನೆಯ ಕಂಪ್ಯೂಟರ್

"ಹತ್ತೇ ಅದಾವಲ್ಲರೀ, ಬಾಯಾರ?" ಸದಾಶಿವ ಎರಡನೇ ಸಲ ಕೇಳಿದ.

"ಹತ್ತೇ ಅದಾವ. ನಿನ್ನಿ ನಾನೇ ಎಣಿಸಿ ಬರಕೊಟ್ಟೇನಲ್ಲ," ಎಂದಳು ರಾಜೇಶ್ವರಿ. "ಯಾಕ್ರಿ ಸದಾಶಿವಣ್ಣ, ಒಂದು ಕಮ್ಮಿ ಬಿತ್ತೇನು?"

ಕಮ್ಮಿ ಬಿದ್ದಿರಲಿಲ್ಲ. ಒಂದು ಹೆಚ್ಚಾಗಿತ್ತು. ಸದಾಶಿವ ಆ ಮಾತನ್ನು ನುಂಗಿಕೊಂಡು, ಸರ್ವರಿನ ಪರದೆಯ ಮೇಲಿದ್ದ ಪಟ್ಟಿಯನ್ನು ಮತ್ತೆ ಮೇಲಿನಿಂದ ಓದತೊಡಗಿದ.

ರಾಜೇಶ್ವರಿ ಈಗ ನಡೆಸುತ್ತಿದ್ದ 'ಪದದ ಕಣಜ' ಎಂಬ ಸಂಸ್ಥೆಯನ್ನು ಕಟ್ಟಿದ್ದು ಅವಳ ತಂದೆ ಮಹಾಂತಪ್ಪ ಮಾಸ್ತರರು. ಶಾಲೆಗೆ ಸೂಟಿ ಬಂತೆಂದರೆ ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು, ಬಸ್ಸು ಹೋಗುವ ಊರಿಗೆ ಬಸ್ಸಿನಲ್ಲಿ, ಹೋಗದ ಊರಿಗೆ ನಡೆದುಕೊಂಡು ತಿರುಗಿದವರು. ಸಂಗೊಳ್ಳಿ, ನೇಸರಗಿ, ತೊರಗಲ್ಲಿನ ಹೆಂಗಸರ ಬಾಯಿಂದ ಬೀಸುವ ಪದ, ಸೋಬಾನೆ ಪದಗಳನ್ನು ಹಿಡಿದು ತಂದರು. ಅವರು ತೀರಿಹೋಗಿ ಆರು ವರ್ಷ. ಈಗ ಬೈಲಹೊಂಗಲದ ಈ ಆಫೀಸಿನಲ್ಲೂ ಕಿತ್ತೂರು, ಸವದತ್ತಿ, ರಾಮದುರ್ಗದ ಶಾಖೆಗಳಲ್ಲೂ ಆ ಟೇಪುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆದಿತ್ತು.

ಹನ್ನೆರಡು ದಿನಗಳ ಹಿಂದೆ ಸವದತ್ತಿ ಶಾಖೆಯ ಒಂದು ಕಂಪ್ಯೂಟರ್, ಇನ್ನೂರು ಹಾಡುಗಳ ಸಮೇತ, ಬೈಲಹೊಂಗಲಕ್ಕೆ ಬರುವ ದಾರಿಯಲ್ಲಿ ಮಾಯವಾಗಿತ್ತು. ಗಾಡಿ ತಂದ ಡ್ರೈವರ್ ಕಲ್ಮೇಶನ ಮೇಲೆ ಎಲ್ಲರ ಕಣ್ಣು. ಹುಡುಕಿ ಕೊಡಿ ಎಂದು ರಾಜೇಶ್ವರಿ, ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸದಾಶಿವನಿಗೆ ಹೇಳಿದ್ದಳು. ಅವನಿಗೆ ಇದುವರೆಗೆ ಒಂದು ಎಳೆಯೂ ಸಿಕ್ಕಿರಲಿಲ್ಲ.

ಇವತ್ತು ಅವನು ಬಂದದ್ದು ಆ ಕೆಲಸಕ್ಕಲ್ಲ. ಆಫೀಸಿನ ಇಂಟರ್‌ನೆಟ್ ತಿಂಗಳಾನುಗಟ್ಟಲೆ ತೆವಳುತ್ತಿತ್ತು. ಕಂಪ್ಯೂಟರುಗಳೆಲ್ಲ ತಮ್ಮ ತಮ್ಮ ಅಪ್‌ಡೇಟುಗಳನ್ನು ಹೊರಗಿನಿಂದ ಬೇರೆ ಬೇರೆಯಾಗಿ ಎಳೆದುಕೊಳ್ಳುತ್ತಿದ್ದವು. ಸದಾಶಿವ ಅದಕ್ಕೊಂದು ಉಪಾಯ ಮಾಡಿದ್ದ.

"ಮನಿಗೊಬ್ಬರು ಕೊಡ ತಗೊಂಡು ಹೊಳಿಗೇ ಹೋದ್ರ ದಾರಿ ಹಿಡಸತೈತೇನ್ರಿ ಬಾಯಾರ? ಊರಾಗ ಒಂದು ಟಾಕಿ ಕಟ್ಟೂಣು. ಟಾಕಿಗೆ ಒಮ್ಮೆ ನೀರು ಬಂದ್ರ ಸಾಕು, ಅಲ್ಲಿಂದ ಮನಿ ಮನಿಗೆ ನಳ," ಎಂದಿದ್ದ. ಆ ಟಾಕಿಯೇ ಈ ಸಣ್ಣ ಸರ್ವರು. ಹೊರಗಿನಿಂದ ಅಪ್‌ಡೇಟನ್ನು ಒಂದು ಸಲ ತಂದಿಟ್ಟುಕೊಂಡು, ಕೇಳಿದ ಕಂಪ್ಯೂಟರುಗಳಿಗೆ ತಾನೇ ಹಂಚುವಂಥದ್ದು. ನಿನ್ನೆ ಸಂಜೆ ಕೂರಿಸಿ ಹೋಗಿದ್ದ. ನಳದಲ್ಲಿ ನೀರು ಬರುತ್ತಿದೆಯೋ ಇಲ್ಲವೋ ನೋಡುವುದಷ್ಟೇ ಇವತ್ತಿನ ಕೆಲಸ.

ಬೆಳಿಗ್ಗೆ ಹತ್ತು ಗಂಟೆಯಿಂದ ಅದನ್ನೇ ನೋಡಿದ್ದ. ಮೊದಲ ಕಂಪ್ಯೂಟರಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಆಗಿನ್ನೂ ಟಾಕಿ ತುಂಬುತ್ತಿತ್ತು. ಎರಡನೆಯದಕ್ಕೆ ಮೂರೇ ನಿಮಿಷ. ಮೇಜಿನಿಂದ ಮೇಜಿಗೆ ಹೋಗಿ, ಒಂದೊಂದರಲ್ಲೂ ಎಷ್ಟು ಪಾಲು ಹೊರಗಿನಿಂದ ಬಂತು, ಎಷ್ಟು ಒಳಗಿನ ಸರ್ವರಿನಿಂದ ಬಂತು ಎಂಬುದನ್ನು ನೋಡಿ ಡೈರಿಯಲ್ಲಿ ಬರೆದುಕೊಂಡ. ಹತ್ತಕ್ಕೆ ಹತ್ತೂ ಸರಿಯಾಗಿದ್ದವು.

ಆದರೆ ಸರ್ವರಿನ ಲೆಕ್ಕದಲ್ಲಿ ಹನ್ನೊಂದು ಹೆಸರು.

ಹನ್ನೊಂದನೆಯದು 'ಸವದತ್ತಿ-ಮೂರು'. ಆ ಹೆಸರು ಇಟ್ಟವನು ಸದಾಶಿವನೇ. ಕಳೆದುಹೋದ ಕಂಪ್ಯೂಟರಿನ ಹೆಸರು ಅದು.

"ಅದು ಹಳೇ ಹೆಸರು ಬಿಡ್ರಿ," ಹಿಂದಿನಿಂದ ದನಿ ಬಂತು. ಧ್ವನಿಮುದ್ರಣ ವಿಭಾಗ ನೋಡಿಕೊಳ್ಳುವ ಗೌರೀಶ ಹೆಗಲ ಮೇಲಿಂದ ಬಗ್ಗಿ ಪರದೆ ನೋಡುತ್ತಿದ್ದ. ನಲವತ್ತರ ಆಸುಪಾಸಿನವನು, ಯಾವಾಗಲೂ ಇಸ್ತ್ರಿ ಮುರಿಯದ ಅಂಗಿ. ಕಲ್ಮೇಶನನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಮೊದಲು ಹಟ ಹಿಡಿದವನೂ ಅವನೇ. "ಪಟ್ಟಿಯೊಳಗ ಸತ್ತವರ ಹೆಸರೂ ಉಳೀತಾವ. ಮತದಾರರ ಯಾದಿ ಇದ್ದಂಗ."

"ಹಂಗೂ ಇರಬಹುದು," ಎಂದ ಸದಾಶಿವ.

ಗೌರೀಶ ಆ ಸಾಲನ್ನು ಇನ್ನೊಮ್ಮೆ ಓದಿ ರಾಜೇಶ್ವರಿಯ ಕಡೆ ತಿರುಗಿದ. "ನಾ ನೇಸರಗಿಗೆ ಹೋಗಿ ಬರತೇನ್ರಿ ಬಾಯಾರ, ಒಂದು ಅರ್ಜೆಂಟ್ ಕೆಲಸ," ಎಂದು ಗಾಡಿಯ ಕೀಲಿಕೈ ತಿರುಗಿಸುತ್ತ ಹೊರಟುಹೋದ.

ಅವನು ಹೋದ ಮೇಲೆ ಸದಾಶಿವ ಆ ಸಾಲನ್ನು ಬಿಡಿಸಿ ನೋಡಿದ. ಸರ್ವರು ಕೂತದ್ದೇ ನಿನ್ನೆ. ಹಳೆಯ ಹೆಸರು ಅದರಲ್ಲಿ ಉಳಿಯುವುದಾದರೂ ಎಲ್ಲಿಂದ? ಅಷ್ಟೇ ಅಲ್ಲ, ಇವತ್ತು ಮುಂಜಾನೆ ಒಂಬತ್ತು ಹದಿನಾಲ್ಕಕ್ಕೆ 'ಸವದತ್ತಿ-ಮೂರು' ಅಪ್‌ಡೇಟ್ ಕೇಳಲು ಶುರುಮಾಡಿತ್ತು. ಹತ್ತೂವರೆಯ ಹೊತ್ತಿಗೆ ಪೂರ್ತಿ ಇಳಿಸಿಕೊಂಡಿತ್ತು. ಸತ್ತವರು ನೀರು ಕುಡಿಯುವುದಿಲ್ಲ.

ಈ ಸರ್ವರು ಹೊರಗಿನವರಿಗೆ ಒಂದು ಹನಿಯನ್ನೂ ಕೊಡುವುದಿಲ್ಲ. ಆಫೀಸಿನಲ್ಲಿ ವೈಫೈ ಇಲ್ಲ. ಹಾಗಿದ್ದರೆ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಹುಡುಕುತ್ತಿದ್ದ ಆ ಕಂಪ್ಯೂಟರು ಇದೇ ಕಟ್ಟಡದ ತಂತಿಗೆ ಜೋತುಬಿದ್ದು ಕೂತಿದೆ.

ಹನ್ನೊಂದೂವರೆಗೆ ಎಲ್ಲರೂ ಚಹಾಕ್ಕೆ ಎದ್ದರು. ಸದಾಶಿವ ಗೋಡೆಯ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿ ಕೂತ. ಎಲ್ಲ ತಂತಿಗಳೂ ಬಂದು ಸೇರುವ ಪೆಟ್ಟಿಗೆ ಅದು. ಒಂದೊಂದು ತಂತಿಗೆ ಒಂದೊಂದು ಹಸಿರು ದೀಪ. ಯಾರೂ ಮುಟ್ಟದೆ ಬಿಟ್ಟುಹೋದ ಕಂಪ್ಯೂಟರುಗಳ ಹತ್ತು ದೀಪಗಳು ಆಗೊಮ್ಮೆ ಈಗೊಮ್ಮೆ ಮಿಟುಕಿದವು. ಮೂಲೆಯ ಒಂದು ದೀಪ ಮಾತ್ರ ಎಡೆಬಿಡದೆ ಹೊಡೆದುಕೊಳ್ಳುತ್ತಿತ್ತು. ಅಪ್‌ಡೇಟ್ ಮುಗಿದರೂ ಆ ಕಂಪ್ಯೂಟರು ಏನನ್ನೋ ಹೊರಗೆ ಕಳಿಸುತ್ತಲೇ ಇತ್ತು.

ಆ ತಂತಿಯನ್ನು ಬೆರಳಿನಿಂದ ಹಿಡಿದು ಹೋದ. ಅದು ಯಾವ ಮೇಜಿಗೂ ಹೋಗಿರಲಿಲ್ಲ. ಗೋಡೆಗುಂಟ ಇಳಿದು, ನೆಲದ ಒಂದು ಕಟ್ಟಿಗೆಯ ಮುಚ್ಚಳದ ಸಂದಿನಲ್ಲಿ ಒಳಗೆ ಸೇರಿತ್ತು.

ಸದಾಶಿವ ಮುಚ್ಚಳದ ಮೇಲೆ ಕೈಯಿಟ್ಟ. ಆ ಮುಚ್ಚಳ ಅವನಿಗೆ ಗೊತ್ತು. ಅದರ ಕೆಳಗೆ ಕೇಬಲ್ಲು ಹೋಗುವ ಕಾಲುವೆಯೂ ಗೊತ್ತು.

ಈ ಕಟ್ಟಡ ಒಂದು ಕಾಲಕ್ಕೆ ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಆಗಿತ್ತು. ಸದಾಶಿವ ಇಪ್ಪತ್ತನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ್ದು ಇಲ್ಲಿಯೇ. ಈಗ ಮೇಜುಗಳಿರುವ ಕಡೆಯೆಲ್ಲ ಆಗ ಕಬ್ಬಿಣದ ಎತ್ತರದ ಕಪಾಟುಗಳು. ಊರಿನವರು ಒಬ್ಬರಿಗೊಬ್ಬರು ಫೋನು ಮಾಡಿದಾಗಲೆಲ್ಲ ಟಕಟಕ, ಟಕಟಕ ಎಂದು ಸದ್ದು. ಹತ್ತಿ ಪೇಟೆ ತೆರೆಯುವ ಹೊತ್ತಿಗೆ ಆ ಸದ್ದು ಮಳೆ ಬಿದ್ದ ಹಾಗೆ ಏರುತ್ತಿತ್ತು, ಮಧ್ಯಾಹ್ನ ಊರು ಉಂಡು ಮಲಗಿದಾಗ ಒಂದೆರಡು ಹನಿಗೆ ಇಳಿಯುತ್ತಿತ್ತು. ಬರೀ ಸದ್ದಿನಿಂದಲೇ ಗಂಟೆ ಎಷ್ಟೆಂದು ಹೇಳಬಹುದಿತ್ತು. ಆ ಕಪಾಟುಗಳು ಗುಜರಿಗೆ ಹೋದ ದಿನ ಸದಾಶಿವ ರಜೆ ಹಾಕಿ ಮನೆಯಲ್ಲಿ ಕೂತಿದ್ದ.

ಕಾಲುವೆ ಹೋಗುವುದು ಹಿತ್ತಲಿನ ಬ್ಯಾಟರಿ ಕೋಣೆಗೆ. ಎಕ್ಸ್‌ಚೇಂಜಿಗೆ ಕರೆಂಟು ಅಲ್ಲಿಂದಲೇ ಬರುತ್ತಿತ್ತು. ಆ ಕೋಣೆಯನ್ನು ಸಂಸ್ಥೆಯವರು ಎಂದೂ ಬಳಸಿರಲಿಲ್ಲ.

ಹಿತ್ತಲಿಗೆ ಹೋಗಿ ನೋಡಿದ. ಬೇವಿನ ಮರದ ಕೆಳಗೆ ಅದೇ ಕೋಣೆ, ಅದೇ ಹಸಿರು ಬಾಗಿಲು. ಬೀಗ ಮಾತ್ರ ಹೊಸದು. ಬಾಗಿಲಿನ ತಿರುಗಣಿಗೆ ಯಾರೋ ಎಣ್ಣೆ ಬಿಟ್ಟಿದ್ದರು.

ಬೀಗ ಒಡೆಯಲಿಲ್ಲ. ಬಚ್ಚಿಟ್ಟವರು ಬಂದೇ ಬರುತ್ತಾರೆ. ಬೇವಿನ ಕಟ್ಟೆಯ ಮೇಲೆ ಬಾಗಿಲಿಗೆ ಮರೆಯಾಗಿ ಕೂತ.

ಇದೇ ಕಟ್ಟೆಯ ಮೇಲೆ ಅವನಿಗೆ ಕೆಲಸ ಕಲಿಸಿದವನು ಭರಮಪ್ಪ. ತೊರಗಲ್ಲಿನವನು, ಕೇಬಲ್ ಜೋಡಿಸುವುದರಲ್ಲಿ ಅವನನ್ನು ಮೀರಿಸುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಕೂದಲಿನಂಥ ನೂರಾರು ತಂತಿಗಳನ್ನು ಕಣ್ಣು ಮುಚ್ಚಿ ಬಣ್ಣ ಹೇಳುವವನಂತೆ ಬೇರ್ಪಡಿಸುತ್ತಿದ್ದ. ಮೊದಲ ದಿನ ಸದಾಶಿವ ಊಟದ ಡಬ್ಬಿ ಹಿಡಿದು ದೂರ ನಿಂತಿದ್ದಾಗ, "ತಂತಿ ಯಾರ ಕೈನೂ ಮೂಸಿ ಜಾತಿ ಕೇಳಂಗಿಲ್ಲೋ, ಬಾ, ಕುಂದರು," ಎಂದು ತನ್ನ ರೊಟ್ಟಿ ಮುರಿದು ಕೊಟ್ಟವನು. ತಂದೆಯಿಲ್ಲದ ಸದಾಶಿವನಿಗೆ ಅವನು ಕಾಕಾ ಆದ. ಮಾತಿನ ಕೊನೆಗೆ "ಹೂಂ?" ಎನ್ನುವುದು ಅವನ ರೂಢಿ. ಹೇಳಿದ್ದು ಎದುರಿಗಿದ್ದವನಿಗೆ ಹತ್ತಿತೋ ಇಲ್ಲವೋ ಎಂದು ತಂತಿ ಎಳೆದು ನೋಡಿದ ಹಾಗೆ.

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ಶ್ರಾವಣದಲ್ಲಿ ಅವನು ಸವದತ್ತಿಯ ಕಡೆ ಲೈನು ನೋಡಲು ಹೋದವನು ತಿರುಗಿ ಬರಲಿಲ್ಲ. ನಾಲ್ಕು ದಿನದ ಮೇಲೆ ನವಿಲುತೀರ್ಥದ ಹಿನ್ನೀರಿನ ದಂಡೆಗೆ ಸೈಕಲ್ಲು ಸಿಕ್ಕಿತು. ಹೌದು, ಇದು ಕಾಕಾನ ಸೈಕಲ್ಲೇ ಎಂದು ಪೊಲೀಸರ ಮುಂದೆ ಹೇಳಿದವನು ಸದಾಶಿವ. ಹೆಣ ಸಿಗಲಿಲ್ಲ. ಹೊಳೆ ಕೊಂಡೊಯ್ಯಿತು ಎಂದು ಎಲ್ಲರೂ ಕೈತೊಳೆದುಕೊಂಡರು.

ಮೂವತ್ತು ವರ್ಷದ ಮೇಲಾಯಿತು. ಈಗಲೂ ಅವನು ತಂತಿ ಜೋಡಿಸಿ ಮುಗಿಸಿದಾಗ ಒಮ್ಮೆ ಹಿಂದಿರುಗಿ ನೋಡುತ್ತಾನೆ, ಯಾರೋ 'ಭೇಷ್' ಎನ್ನಬೇಕಾಗಿತ್ತು ಎಂಬಂತೆ.

ಒಂದು ಗಂಟೆಯ ಊಟದ ಹೊತ್ತಿಗೆ ಹೆಜ್ಜೆಯ ಸಪ್ಪಳವಾಯಿತು. ಬಂದವಳು ಅನ್ನಪೂರ್ಣಾ. ಹಾಡುಗಳನ್ನು ಕೇಳಿ ಕೇಳಿ ಅಕ್ಷರಕ್ಕೆ ಇಳಿಸುವವಳು. ಇಡೀ ದಿನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರ ಗೊಡವೆಗೂ ಹೋಗದೆ ಕೂರುವ ಹೆಣ್ಣುಮಗಳು. ಸೆರಗಿನ ಗಂಟಿನಿಂದ ಕೀಲಿಕೈ ತೆಗೆದು ಬೀಗಕ್ಕೆ ಹಾಕಿದಳು.

"ಅನ್ನಪೂರ್ಣಾ."

ಅವಳು ಬೆಚ್ಚಿಬಿದ್ದಳು. "ಕಾಕಾ... ನೀವು ಇಲ್ಲಿ ಯಾಕ ಕುಂತೀರಿ?"

"ನಾ ಇಪ್ಪತ್ತೆಂಟು ವರ್ಷ ಇಲ್ಲೇ ಕುಂತಾಂವ. ನೀ ಯಾಕ ಬಂದಿ ಹೇಳು."

"ಹಳೇ ಸಾಮಾನು ನೋಡಾಕ..."

"ಬಾಗಲಾ ತಗಿ."

ಬಾಗಿಲು ಸದ್ದಿಲ್ಲದೆ ತೆರೆಯಿತು. ಬ್ಯಾಟರಿಗಳನ್ನು ಇಡುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ ಏನನ್ನೋ ಕೌದಿಯಿಂದ ಹೊದಿಸಿತ್ತು. ಸದಾಶಿವ ಕೌದಿ ಸರಿಸಿದ. 'ಸವದತ್ತಿ-ಮೂರು' ಎಂದು ತಾನೇ ಬರೆದು ಅಂಟಿಸಿದ ಚೀಟಿ ಅವನನ್ನೇ ನೋಡಿತು. ಪರದೆಯ ಮೇಲೆ ಹಾಡುಗಳು ಒಂದೊಂದಾಗಿ ಎಲ್ಲಿಗೋ ನಕಲಾಗಿ ಹೋಗುತ್ತಿದ್ದವು.

ಸಿಕ್ಕಿತು ಎಂಬ ಸಂತೋಷಕ್ಕಿಂತ ಮೊದಲು ಅವನಿಗೆ ಸಿಟ್ಟು ಬಂತು.

"ಹನ್ನೆರಡು ದಿನ ಆತು. ಆ ಕಲ್ಮೇಶ ದಿನಾ ಮುಂಜಾನೆ ಠಾಣೆಗೆ ಹೋಗಿ ಬೆಂಚಿನ ಮ್ಯಾಲ ಕುಂದರತಾನ. ಅವನ ಹೇಣ್ತಿ ಬೀರವ್ವ ಓಣ್ಯಾಗ ತಲಿ ಎತ್ತಿ ತಿರಗಾಕ ಆಗವಲ್ದು. ಅದನ್ನ ನೋಡಕೋತ ನಿನಗ ಗಂಟಲ್ದಾಗ ಅನ್ನ ಹ್ಯಾಂಗ ಇಳೀತವ್ವ?"

ಅನ್ನಪೂರ್ಣಾಳ ಕಣ್ಣು ತುಂಬಿದವು. ಆದರೆ ಅವಳು ತಲೆ ತಗ್ಗಿಸಲಿಲ್ಲ.

"ಇದನ್ನ ತಂದು ಇಲ್ಲಿ ಇಟ್ಟಾಂವ ಕಲ್ಮೇಶಣ್ಣನೇ ರೀ ಕಾಕಾ."

"ಏನಂದಿ?"

"ನಾನೂ ಅವನೂ ಕೂಡೇ ಇಟ್ಟೇವಿ. ಪೊಲೀಸ್ ಅಂದ ಕೂಡಲೇ ನಾ ಹೆದರಿದೆ, ಖರೇ ಹೇಳಿಬಿಡೂಣು ಅಂದೆ. ಅವನೇ ಬ್ಯಾಡ ಅಂದ. 'ಬೈಸಿಕೊಂಡ್ರ ಮೈಮ್ಯಾಗ ಏನು ಗಾಯ ಆಗಂಗಿಲ್ಲವ್ವ. ಆ ಹಾಡು ಹೋತಂದ್ರ ಮತ್ತ ಹುಟ್ಟಂಗಿಲ್ಲ. ನಕಲು ಮಾಡಿ ಮುಗಸು, ಆಮ್ಯಾಲ ಇಬ್ಬರೂ ಹೋಗಿ ಹೇಳೂಣು' ಅಂದ."

ಸದಾಶಿವ ಕಲ್ಲಿನ ಕಟ್ಟೆಯ ಮೇಲೆ ಕೂತ. ಕಲ್ಮೇಶ ಎಂದೂ ಎರಡು ಮಾತು ಜೋಡಿಸಿ ಆಡಿದವನಲ್ಲ. ಠಾಣೆಯಲ್ಲೂ 'ನನಗ ಗೊತ್ತಿಲ್ರಿ' ಎಂಬುದೊಂದೇ ಉತ್ತರ.

"ಯಾವ ಹಾಡು?"

"ತೊರಗಲ್ಲಿನ ರಾಯವ್ವನ ಬೀಸೂ ಪದ. ಮಾಸ್ತರರು ತೊಂಬತ್ತೆಂಟರಾಗ ಹಿಡದದ್ದು. ಸವದತ್ತ್ಯಾಗ ಒಮ್ಮೆ ಇಳಿಸಿಕೊಂಡ್ವಿ, ಆಮ್ಯಾಲ ಟೇಪು ಪುಡಿಪುಡಿ ಆತು. ಈಗ ಉಳದದ್ದು ಇದೊಂದೇ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಡಿನ ಹಿಂದ ಮಾತು ಅದಾವ್ರಿ. ಗೌರೀಶ ಸರ್ ಅದನ್ನ ಒಮ್ಮೆ ಕೇಳಿಸಿಕೊಂಡ್ರು. ಮೂರನೇ ದಿನಕ್ಕ ರಾಜೇಶ್ವರಿ ಬಾಯಾರ ಆ ಹಾಡು ಅಳಸಾಕ ಹೇಳಿದ್ರು. ಮನಿತನದ ಮಾತು ಅಂತ, ಆ ಮನ್ಯಾವರೇ ಬಂದು ಕೈಮುಗದ್ರು ಅಂತ. ಬಾಯಾರ ಮನಸು ಮೆತ್ತಗ, ನಿಮಗ ಗೊತ್ತಲ್ಲ. ಆದ್ರ ಅದನ್ನ ಕೇಳಿದ ಮ್ಯಾಲ ನನ್ನ ಕೈಲೆ ಅಳಸಾಕ ಆಗಲಿಲ್ಲ."

"ಹಚ್ಚು."

ಅವಳು ಹೆಡ್‌ಫೋನನ್ನು ಅವನ ಕಿವಿಗೆ ಕೊಟ್ಟಳು.

ಮೊದಲು ಮಹಾಂತಪ್ಪ ಮಾಸ್ತರರು ಊರು, ತಾರೀಖು ಹೇಳಿದರು. ಆಮೇಲೆ ಬೀಸುವ ಕಲ್ಲಿನ ಗುರ್ ಗುರ್ ಸದ್ದು, ಬಳೆಗಳ ಕಿಣಿಕಿಣಿ. ಅದರ ಮೇಲೆ ಒಂದು ಮುಪ್ಪಾದ ಹೆಣ್ಣುದನಿ ಏರಿತು:

ಬೀಸುವ ಕಲ್ಲೀಗಿ ಕಿವಿಯುಂಟು ಬಾಯಿಲ್ಲ
ಆಸೀಯ ಮಾತು ಹೇಳೇನ | ತೊರಗಲ್ಲ
ಬ್ಯಾಸಗಿ ಗಾಳಿ ಕೇಳೀತ

ಸದಾಶಿವನಿಗೆ ತನ್ನ ಅವ್ವನ ಬೆವರಿದ ಕೊರಳು, ನಸುಕಿನ ಹಿಟ್ಟಿನ ವಾಸನೆ, ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅರೆನಿದ್ದೆಯಲ್ಲಿ ಕೇಳಿದ ಪದಗಳು ಎಲ್ಲ ಒಮ್ಮೆಲೇ ಬಂದವು. ಹಾಡು ನಿಂತಿತು. ಕಲ್ಲೂ ನಿಂತಿತು.

ದೂರದಿಂದ ಒಂದು ಗಂಡುದನಿ ಕೇಳಿತು. "ಮಾಸ್ತರ, ಆ ಪೆಟಗಿ ಬಂದ್ ಮಾಡಿದ್ರಿಲ್ಲ?"

"ಮಾಡೇನಿ, ಹೇಳಪಾ," ಎಂದರು ಮಾಸ್ತರರು. ರೆಕಾರ್ಡರಿನ ಪೆಟ್ಟಿಗೆ ಬಂದ್ ಆಗಿರಲಿಲ್ಲ.

"ಆ ದಿವಸ ಲೈನಿನ್ಯಾಗ ನಾ ಕೇಳಿದ್ದು ನಿಮಗೊಬ್ಬರಿಗೇ ಹೇಳತೇನಿ. ಇನ್ನೊಂದು ಕಿವಿಗೆ ಹೋಗಬಾರದು. ಮುಖ್ಯ ಆ ನಮ್ಮ ಹುಡುಗ ಸದಾಶಿವಗ ಹೇಳಬ್ಯಾಡ್ರಿ. ನಾ ಸತ್ತೇನಿ ಅಂತ ತಿಳಕೊಂಡಿರಲಿ. ಗೊತ್ತಾದ್ರ ಅಂವ ಹುಡಕಿಕೋತ ಬರತಾನ, ಅವನ್ನೂ ಬಿಡಂಗಿಲ್ಲ ಅವರು. ಅಂವ ಬದಕಲಿ. ಹೂಂ?"

ಆ ಕೊನೆಯ 'ಹೂಂ?' ಕೇಳಿದ ಕೂಡಲೇ ಸದಾಶಿವ ಹೆಡ್‌ಫೋನನ್ನು ಕಿತ್ತು ಕೊರಳಿಗೆ ಇಳಿಸಿದ.

ತೊಂಬತ್ತನಾಲ್ಕರಲ್ಲಿ ನೀರುಪಾಲಾದ ಮನುಷ್ಯ ತೊಂಬತ್ತೆಂಟರಲ್ಲಿ ಮಾತಾಡುತ್ತಿದ್ದ. ಹುಡುಕಿಕೊಂಡು ಬರುತ್ತಾನೆ ಎಂದಿದ್ದ. ಸದಾಶಿವ ಹುಡುಕಿರಲಿಲ್ಲ. ಒಂದು ಸೈಕಲ್ಲು ನೋಡಿ ನಂಬಿಬಿಟ್ಟಿದ್ದ.

"ಆ ಸದಾಶಿವ ನೀವೇ ಅಂತ ನನಗ ಮೊದಲ ಗೊತ್ತಿರಲಿಲ್ರಿ," ಅನ್ನಪೂರ್ಣಾ ಮೆಲ್ಲಗೆ ಹೇಳಿದಳು. "ಕಲ್ಮೇಶಣ್ಣ ಹೇಳಿದ. ನಕಲು ಮುಗದ ಕೂಡಲೇ ಮೊದಲ ನಿಮ್ಮ ಕೈಯಾಗೇ ಕೊಡೂಣು ಅಂದಿದ್ದ. ನೆಟ್ ತೆವಳತಿತ್ತಲ್ರಿ, ಅದಕ ಇಷ್ಟು ದಿನ ಹಿಡೀತು. ಇವತ್ತು ಸಂಜೀಕ ಮುಗೀತಿತ್ತು."

ಸದಾಶಿವ ಹೆಡ್‌ಫೋನನ್ನು ಕೊರಳಿನಿಂದ ತೆಗೆದಿಟ್ಟ. ತನ್ನ ಸಲುವಾಗಿ ಒಬ್ಬ ಡ್ರೈವರು ಹನ್ನೆರಡು ದಿನ ಕಳ್ಳನೆಂದು ಕರೆಸಿಕೊಂಡಿದ್ದ.

"ನಡಿ, ಮೊದಲ ಠಾಣೆಗೆ ಹೋಗಿ ಅವನ ಹೆಸರಿಗೆ ಹತ್ತಿದ ಮಸಿ ತೊಳಿಯೂಣು," ಎಂದು ಎದ್ದ. ಎದ್ದವನು ಹಾಗೆಯೇ ನಿಂತ. "ಅಳಸ್ರಿ ಅಂತ ಕೈಮುಗದು ಬಂದವರು ಯಾರವ್ವ? ಯಾವ ಮನ್ಯಾವರು?"

"ಸವದತ್ತಿ ಆಫೀಸಿಗೆ ಬಂದಿದ್ರು. ಆವತ್ತು ನಾನೂ ಅಲ್ಲೇ ಇದ್ದೆ. ಒಬ್ಬ ಅಜ್ಜ. ಎಂಬತ್ತರ ಮ್ಯಾಲ ಆಗಿರಬೇಕು. ಅಜ್ಜ ಏನೂ ಮಾತಾಡಲಿಲ್ರಿ, ಬರೇ ಕಣ್ಣೀರು ಹಾಕಿದ. ಬಾಯಾರ ಮುಂದ ಮಾತಾಡಿದ್ದು ಅವರನ್ನ ಕರಕೊಂಡು ಬಂದವರು."

"ಅಜ್ಜನ ಹೆಸರು?"

"ಬಂದವರ ಬುಕ್ಕಿನ್ಯಾಗ ತಾವೇ ನಡುಗೂ ಕೈಲೆ ಬರದ್ರು. ಭರಮಪ್ಪ, ತೊರಗಲ್ ಅಂತ."

ಹೊರಗೆ ಬೇವಿನ ಮರದಲ್ಲಿ ಕಾಗೆಯೊಂದು ಕೂಗಿತು. ಇದ್ದಾನೆ. ಕಾಕಾ ಇದ್ದಾನೆ.

"ಕರಕೊಂಡು ಬಂದಾಂವ ಯಾರು?"

ಅನ್ನಪೂರ್ಣಾಳ ಕಣ್ಣು ಅವನ ಹೆಗಲಾಚೆ ಬಾಗಿಲಿನ ಕಡೆಗೆ ನೆಟ್ಟಿದ್ದವು.

ಹೊಸ್ತಿಲ ಮೇಲೆ ಗೌರೀಶ ನಿಂತಿದ್ದ. ನೇಸರಗಿಯ ಧೂಳು ಅವನ ಬೂಟಿನ ಮೇಲಿತ್ತು. ಅಂಗಿಯ ಇಸ್ತ್ರಿ ಮಾತ್ರ ಮುರಿದಿರಲಿಲ್ಲ.

"ಅದು ಇಲ್ಲೇ ಐತಿ ಅಂತ ಮುಂಜಾನೆ ನಿಮ್ಮ ಪಟ್ಟಿ ನೋಡೇ ತಿಳೀತು, ಸದಾಶಿವಣ್ಣ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಿ ಅನ್ನೋದನ್ನ ನೀವು ಹುಡಕಿ ಕೊಡತೀರಿ ಅಂತಾನೂ ಗೊತ್ತಿತ್ತು. ನಾ ಅಷ್ಟರಾಗ ನೇಸರಗಿಗೆ ಹೋಗಿ ಅವರನ್ನ ಕರಕೊಂಡು ಬಂದೆ."

"ಯಾರನ್ನ?"

ಗೌರೀಶ ಪಕ್ಕಕ್ಕೆ ಸರಿದು ನಿಂತ. ಮರದಾಚೆ, ಹಿತ್ತಲ ಗೇಟಿನ ಬಳಿ ಬಿಳಿಯ ಗಾಡಿಯೊಂದು ನಿಂತಿತ್ತು.

"ನಿಮ್ಮ ಕಾಕಾ ಗಾಡ್ಯಾಗ ಅದಾರ. ಭೆಟ್ಟಿ ಆಗ್ರಿ, ಯಾರು ಬ್ಯಾಡ ಅಂತಾರ? ಮನಿಗೆ ಬೇಕಾದ್ರ ಕರಕೊಂಡು ಹೋಗ್ರಿ." ಅವನು ಕಂಪ್ಯೂಟರಿನ ಕಡೆಗೆ ಗದ್ದ ಎತ್ತಿ ತೋರಿಸಿದ. "ಮೊದಲ ಆ ಹಾಡು ಅಳಸ್ರಿ. ನಕಲು ಹೋಗಿದ್ರ ಅದನ್ನೂ. ನನ್ನ ಕಣ್ಣ ಮುಂದ. ಇಲ್ಲಾಂದ್ರ ಗಾಡಿ ಹ್ಯಾಂಗ ಬಂದೈತಿ ಹಂಗ ಹೋಗತೈತಿ. ಈ ಸಲ ದಂಡಿಗೆ ಸೈಕಲ್ಲೂ ಸಿಗಂಗಿಲ್ಲ."

"ಕಾಕಾ, ಅಳಸಬ್ಯಾಡ್ರಿ," ಅನ್ನಪೂರ್ಣಾ ಪಿಸುಗುಟ್ಟಿದಳು. "ಲೈನಿನ್ಯಾಗ ಏನು ಕೇಳಿದ್ರು ಅನ್ನೋದು ಆಮ್ಯಾಲ ಐತಿ. ಮೂರು ಹೆಸರು ಹೇಳ್ಯಾರ, ಅದರಾಗ ಇವರ ಮನಿತನದ್ದೂ ಒಂದು. ನೀವಿನ್ನೂ ಅದನ್ನ ಕೇಳಿಲ್ಲ."

ಗಾಡಿಯ ಗಾಜು ಅರ್ಧ ಇಳಿದಿತ್ತು. ಒಳಗೆ ಬಿಳಿಯ ರುಮಾಲು ಸುತ್ತಿದ ಒಂದು ತಲೆ. ಅದು ಮೆಲ್ಲಗೆ ಇತ್ತ ತಿರುಗಿತು. ಕಣ್ಣು ಕಿರಿದು ಮಾಡಿ ಬ್ಯಾಟರಿ ಕೋಣೆಯ ಬಾಗಿಲನ್ನೇ ನೋಡಿತು. ಆಮೇಲೆ ಆ ಮುದುಕ ಗಾಜಿನ ಮೇಲೆ ಕೈಯೂರಿ, ಸದಾಶಿವನಿಗೆ ಕಾಣುವಂತೆ, ಒಂದೇ ಸಮನೆ ತಲೆ ಅಲ್ಲಾಡಿಸತೊಡಗಿದ.

ಬೇಡ, ಬೇಡ ಎಂದು. ಅಳಿಸಬೇಡ ಎಂದೋ, ಹತ್ತಿರ ಬರಬೇಡ ಎಂದೋ, ಸದಾಶಿವನಿಗೆ ತಿಳಿಯಲಿಲ್ಲ.